ಕುಂಬಳೆಯ ಮಳೆಗಾಲದಲ್ಲಿ 1969ರ ಮರ್ಸಿಡಿಸ್ 280 ಎಸ್‌ಎಲ್

ಪ್ರಶ್ನೆ: ಮಾವನವರು ಅಕ್ಕರೆಯಿಂದ ಜೀರ್ಣೋದ್ಧಾರ ಮಾಡಿಸಿದ, ಮೇಲ್ಛಾವಣಿ ತೆರೆಯಬಹುದಾದ ಈ ಕಾರು ಈಗ ಕುಂಬಳೆಯಲ್ಲಿ ನಮ್ಮ ಮನೆಯಲ್ಲಿದೆ. ಕಡಲು ಹತ್ತಿರವಿದೆ. ಬಾನೆಟ್ಟಿನ ಅಂಚಿನಲ್ಲಿ ಬಣ್ಣದಡಿ ಸಾಸಿವೆ ಗಾತ್ರದ ಗುಳ್ಳೆಗಳೆದ್ದಿವೆ. ಇದು ತುಕ್ಕೇ?

ಉತ್ತರ: ಕೆಂಪು ತುಕ್ಕಲ್ಲ. ಈ ಮಾದರಿಯ ಒಡಲು ಉಕ್ಕಿನದಾದರೂ ಬಾನೆಟ್, ಬಾಗಿಲುಗಳ ಹೊರಹಾಳೆ ಮತ್ತು ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಮ್‌ನವು. ಎರಡು ಲೋಹಗಳು ಕೂಡುವಲ್ಲಿ ಉಪ್ಪಿನ ತೇವ ನಿಂತರೆ ಅಲ್ಯೂಮಿನಿಯಮ್ ಸವೆದು ಬಿಳಿಪುಡಿಯಾಗಿ ಬಣ್ಣವನ್ನು ಮೇಲೆತ್ತುತ್ತದೆ. ಅಲ್ಲಿ ಕೆರೆದು ಪ್ರೈಮರ್ ಹಚ್ಚಿಸಿ. ನನಗೆ ಹೆಚ್ಚು ಆತಂಕವಿರುವುದು ಉಕ್ಕಿನ ನೆಲಹಾಳೆಯ ಬಗ್ಗೆ. ಕಾರ್ಪೆಟ್ ಎತ್ತಿ ನೋಡಿ, ಬಾಗಿಲಿನಡಿಯ ನೀರುಗಂಡಿಗಳನ್ನೂ ಬಿಡಿಸಿ.

ಇನ್ನೊಂದು ಉತ್ತರ (ಮಂಜೇಶ್ವರದಿಂದ): ಒದ್ದೆಯಾದ ಬಟ್ಟೆಯ ಹುಡ್ ಅನ್ನು ಎಂದಿಗೂ ಮಡಚಬೇಡಿ. ನಡು ತಗ್ಗಿ ಅಂಚುಗಳು ಎತ್ತರವಾಗಿರುವ, ಈ ಕಾರಿಗೆ ‘ಪಗೋಡ’ ಎಂಬ ಹೆಸರು ತಂದ ಆ ಗಟ್ಟಿ ಛಾವಣಿ ನಿಮ್ಮಲ್ಲಿದ್ದರೆ ಆಟಿ ತಿಂಗಳ ಮಳೆ ಮುಗಿಯುವವರೆಗೆ ಅದನ್ನೇ ಕೂರಿಸಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಎಂಜಿನ್ನಿಗೆ ಇಂಧನ ಸಿಂಪಡಿಸುವ ಬಾಷ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್ ಪಂಪು ಹಳೆಯ ಪೆಟ್ರೋಲನ್ನು ಸಹಿಸುವುದಿಲ್ಲವಾದ್ದರಿಂದ ಮಳೆ ಬಿಟ್ಟ ದಿನಗಳಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ.

ಪ್ರಶ್ನೆ ಕೇಳಿದವರು: ಕಾರ್ಪೆಟ್ ಎತ್ತಿದೆ. ಚಾಲಕನ ಕಾಲ ಬಳಿ ತೇವವಿದೆ, ಲೋಹ ಇನ್ನೂ ಗಟ್ಟಿಯಾಗಿದೆ. ಒಣಗಿಸುತ್ತಿದ್ದೇನೆ; ಇಬ್ಬರಿಗೂ ಕೃತಜ್ಞತೆಗಳು.