ಮೀಟರಿನಲ್ಲಿ 380 ತೋರಿಸುವ ಹೊಳೆಯ ನೀರು ಕುಡಿಯಲು ಯೋಗ್ಯವೇ?

ಪ್ರಶ್ನೆ: ಹೊಳೆದಂಡೆಯವ, ಮುಧೋಳ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮೂರು ಘಟಪ್ರಭೆಯ ದಂಡೆಯಲ್ಲಿದೆ. ಬಾಂದಾರದ ಹಿನ್ನೀರಿನ ಜಾಕ್‌ವೆಲ್ಲಿನಿಂದ (ಪಂಪಿಗೆ ನೀರೊದಗಿಸುವ ಬಾವಿ) ನೀರೆತ್ತಿ, ಟ್ಯಾಂಕಿಗೆ ಏರಿಸಿ, ಎರಡು ದಿನಕ್ಕೊಮ್ಮೆ ನಳಕ್ಕೆ ಬಿಡುತ್ತಾರೆ. ಬೇಸಿಗೆಯಲ್ಲಿ ಮೇಲಿನಿಂದ ಹರಿವು ನಿಂತರೆ ಹೊಳೆ ಇದ್ದಲ್ಲೇ ಮಡುಗಟ್ಟಿ ಹಸಿರಾಗುತ್ತದೆ. ಈ ಸಲ ಮೊದಲ ಅಡ್ಡಮಳೆ ಬಿದ್ದ ಮರುದಿನ ನೀರು ಕಪ್ಪಾಗಿ, ದಂಡೆಗುಂಟ ಮೀನುಗಳು ಸತ್ತು ತೇಲಿದವು. ನಳದ ನೀರು ಹಿಡಿದ ಕೊಡದ ತಳದಲ್ಲಿ ಬೆರಳಿಗೆ ಜಾರುವಂಥ ಲೋಳೆ ಕೂರುತ್ತಿತ್ತು. ಪಂಚಾಯಿತಿಗೆ ಹೋಗಿ ದೂರಿದರೆ, ಪೆನ್ನಿನಂಥ ಮೀಟರನ್ನು ಲೋಟದಲ್ಲಿ ಅದ್ದಿ, ‘ಟಿಡಿಎಸ್ (ಕರಗಿದ ಲವಣಾಂಶ) 380 ಇದೆ, 500ರ ಒಳಗಿದೆ, ಧಾರಾಳವಾಗಿ ಕುಡಿಯಿರಿ’ ಎಂದರು. ಅದೇ ವಾರ ನಮ್ಮ ಓಣಿಯ ನಾಲ್ಕು ಮನೆಗಳ ಮಕ್ಕಳಿಗೆ ವಾಂತಿಭೇದಿಯಾಯಿತು. ಮೀಟರ್ ಸುಳ್ಳು ಹೇಳುತ್ತಿದೆಯೇ? ನಾವು ಯಾವ ಪರೀಕ್ಷೆಯನ್ನು ಕೇಳಬೇಕು?

ಉತ್ತರ: ನಿವೃತ್ತ ವಿಶ್ಲೇಷಕ, ಬೆಳಗಾವಿ

ಮಾನ್ಯರೇ, ಮೀಟರ್ ಸುಳ್ಳು ಹೇಳಿಲ್ಲ. ಅದನ್ನು ಕೇಳಿದ ಪ್ರಶ್ನೆಯೇ ಬೇರೆ. ಆ ಪೆನ್ನು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಅದರಿಂದ ಕರಗಿದ ಲವಣದ ಅಂದಾಜನ್ನು ಹೇಳುತ್ತದೆ, ಅಷ್ಟೆ. ಒಂದು ಕೊಡ ಮಳೆನೀರಿಗೆ ಒಂದು ಚಮಚ ಸಗಣಿನೀರು ಬೆರೆಸಿ ಅದ್ದಿ ನೋಡಿ, ನಿಮ್ಮ ನಳದ ನೀರಿಗಿಂತಲೂ ಕಡಿಮೆ ಅಂಕಿ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೂ ಸಹಿಸಬಹುದು. ಆದರೆ ನೀರಿಗೆ ಮಲ ಸೇರಿದ್ದನ್ನು ತೋರಿಸುವ ಇ-ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಿಸಬಾರದು, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಇನ್ನು ಮೀನುಗಳ ಮಾತು. ಬಿಸಿಯಾದ ನೀರು ಆಮ್ಲಜನಕವನ್ನು ಕಡಿಮೆ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಮೊದಲ ಮಳೆಯು ಗಟಾರು, ತಿಪ್ಪೆ, ಹೊಲಗಳ ಕೊಳೆಯನ್ನೆಲ್ಲ ಒಮ್ಮೆಲೇ ಮಡುವಿಗೆ ತಂದು ಸುರಿದು, ತಳದ ರಾಡಿಯನ್ನೂ ಕಲಕಿದಾಗ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನು ಒಂದೇ ರಾತ್ರಿಯಲ್ಲಿ ಮುಗಿಸಬಲ್ಲವು. ಕಾರ್ಖಾನೆಯ ತ್ಯಾಜ್ಯ ಸೇರಿದರೂ ಆಗುವುದು ಇದೇ. ಆದ್ದರಿಂದ ಸತ್ತ ಮೀನನ್ನು ನೋಡಿ ಯಾರದು ತಪ್ಪೆಂದು ಹೇಳಲಾಗದು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ನೀವೇ ತುಂಬಿಸಿದ ಬಾಟಲಿ ತಿಳಿವಳಿಕೆಗೆ ಸಾಕು, ಮೊಕದ್ದಮೆಗೆ ಸಾಲದು. 1974ರ ಜಲ ಕಾಯ್ದೆಯಂತೆ ತ್ಯಾಜ್ಯದ ಮಾದರಿಯನ್ನು ಅಧಿಕಾರಿಯೇ, ಸಂಬಂಧಪಟ್ಟವರಿಗೆ ನೋಟಿಸು ಕೊಟ್ಟು ತೆಗೆಯಬೇಕಾಗುತ್ತದೆ.

ಉತ್ತರ: ನೀರಗಂಟಿ, ಬಾಗಲಕೋಟೆ ಜಿಲ್ಲೆ

ಸರ್ ಹೇಳಿದ್ದು ಸರಿ. ಆದರೆ ಹೊಳೆ ಸ್ವಚ್ಛವಾಗುವವರೆಗೆ ಮಕ್ಕಳು ಕಾಯಲಾರರು, ಮೊದಲು ಕ್ಲೋರಿನ್ ನೋಡಿ. ಸಾಮಾನ್ಯ ತಿಳಿನೀರಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂಬ ಲೆಕ್ಕದಲ್ಲಿ 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ ಬೇಕು. ರಾಡಿನೀರು ಕ್ಲೋರಿನ್ನನ್ನು ತಾನೇ ತಿಂದುಬಿಡುವುದರಿಂದ ಈ ಲೆಕ್ಕ ಅಲ್ಲಿ ನಡೆಯದು, ಮೊದಲು ಸೋಸಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿದು, ಅರ್ಧ ತಾಸಾದರೂ ಬಿಟ್ಟು ಆಮೇಲೆ ವಾಲ್ವ್ ತಿರುವಬೇಕು.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಒಂದು ಬೇಸಿಗೆಯಲ್ಲಿ ಪಂಪ್‌ಹೌಸಿನಲ್ಲಿ ಚೀಲದ ಬಾಯಿ ಕಟ್ಟದೆ ಬಿಟ್ಟಿದ್ದೆ. ಪುಡಿ ಗಡ್ಡೆಗಟ್ಟಿ, ಮೂಗಿಗೆ ಹಿಡಿದರೂ ಘಾಟು ಬರುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ದಿನವೂ ‘ಕ್ಲೋರಿನೇಷನ್ ಆಗಿದೆ’ ಎಂದು ಬರೆಯುತ್ತಿದ್ದೆ. ಟ್ಯಾಂಕಿಗೆ ಹಾಕುತ್ತಿದ್ದದ್ದು ಬರೀ ಸುಣ್ಣ. ಅಂದಿನಿಂದ ರಿಜಿಸ್ಟರನ್ನಲ್ಲ, ಊರಿನ ಕಟ್ಟಕಡೆಯ ನಳವನ್ನು ನಂಬುತ್ತೇನೆ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಜಲ ಜೀವನ ಮಿಷನ್ನಿನಡಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ಟಿನಿಂದ ಪರೀಕ್ಷಿಸುವ ತರಬೇತಿ ಕೊಡುವ ವ್ಯವಸ್ಥೆಯಿದೆ. ನಿಮ್ಮೂರಿನ ಕಿಟ್ ಯಾವ ಕಪಾಟಿನಲ್ಲಿದೆ ಎಂದು ವಿಚಾರಿಸಿ.

ಉತ್ತರ: ಶಿಕ್ಷಕಿ, ವಿಜಯಪುರ

ಟಿಡಿಎಸ್ ಮೀಟರನ್ನು ಪೂರ್ತಿ ಎಸೆಯಬೇಡಿ, ಕೊಳವೆಬಾವಿಯ ಉಪ್ಪುನೀರಿಗೆ ಅದು ಬೇಕು. ಆದರೆ ಅಲ್ಲಿಯೂ ಫ್ಲೋರೈಡನ್ನು ಅದು ಪ್ರತ್ಯೇಕವಾಗಿ ತೋರಿಸದು. ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ, ಕುದಿಸಿದರೂ ಹೋಗುವುದಿಲ್ಲ; ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಕಂದು ಪಟ್ಟೆಯೇ ಕೊನೆಗೆ ಹೇಳುತ್ತದೆ. ನಿಮ್ಮ ಹೊಳೆನೀರು ವಾಂತಿಭೇದಿಯ ಅನುಮಾನವಿರುವಷ್ಟು ದಿನ ಕುದಿಸಿ ಕುಡಿಯಿರಿ. ಹಸಿರು ಪಾಚಿ ದಟ್ಟವಾಗಿರುವಾಗ ಮಾತ್ರ ಕುದಿಸಿದೆವೆಂದು ನೆಚ್ಚಬೇಡಿ, ಕೆಲವು ಪಾಚಿಗಳ ವಿಷ ಕುದಿಸಿದರೂ ಹೋಗದು. ಆಗ ಕುಡಿಯುವುದಕ್ಕೆ ಬೇರೆ ಮೂಲವೇ ಬೇಕು.

ಹೊಳೆದಂಡೆಯವ

ಎಲ್ಲರಿಗೂ ಧನ್ಯವಾದಗಳು. ಕಿಟ್ ಸಿಕ್ಕಿತು, ಮೊಹರನ್ನೇ ಒಡೆದಿರಲಿಲ್ಲ. ಟ್ಯಾಂಕಿನ ಪಕ್ಕದ ನಳದಲ್ಲಿ ಕ್ಲೋರಿನ್ ಇದೆಯೆಂದು ಹೇಳುವ ತಿಳಿಹಳದಿ ಬಣ್ಣ ಬಂತು, ನಮ್ಮ ಓಣಿಯ ಕೊನೆಯ ನಳದಲ್ಲಿ ಏನೂ ಬರಲಿಲ್ಲ. ಅದೇ ನಳದ ನೀರು ಹಾಕಿಟ್ಟ ಬ್ಯಾಕ್ಟೀರಿಯಾ ಪರೀಕ್ಷೆಯ ಶೀಶೆ ಮರುದಿನ ಸಂಜೆಗೆ ಕಪ್ಪಾಯಿತು, ಅಂದರೆ ನೀರಿನಲ್ಲಿ ಕೊಳೆಯ ಬ್ಯಾಕ್ಟೀರಿಯಾ ಇರುವ ಸೂಚನೆ. ಪೈಪಿನಗುಂಟ ನಡೆದು ನೋಡಿದರೆ, ಮೂರನೆಯ ವಾಲ್ವಿನ ಗುಂಡಿಯಲ್ಲಿ ಗಟಾರಿನ ನೀರು ಮೊಣಕಾಲುಮಟ ನಿಂತಿದೆ, ನೀರು ಬಿಟ್ಟಾಗ ಅದರೊಳಗಿಂದ ಗುಳ್ಳೆ ಏಳುತ್ತವೆ. ಅಲ್ಲಿನ ಜಾಯಿಂಟ್ ಸೋರುತ್ತಿದೆ, ನೀರು ನಿಂತಾಗ ಗಟಾರಿನ ನೀರು ಅದರೊಳಗೆ ಸೇರುತ್ತಿರಬೇಕು. ನಾಳೆ ಆ ಗುಂಡಿಯನ್ನು ಬರಿದು ಮಾಡಿ ಜಾಯಿಂಟ್ ಬದಲಿಸುತ್ತಾರೆ. ಹೊಳೆಯ ಬಗ್ಗೆ ಮಂಡಳಿಗೆ ದೂರು ಬರೆದು ಮುಗಿಸಿದ್ದೇನೆ, ಓಣಿಯವರ ಸಹಿ ಆಗಬೇಕಿದೆ.