ಅಪ್‌ಡೇಟ್: ಲಂಡನ್‌ನಲ್ಲಿ ಓಡಾಟದ ಖರ್ಚು

ಹೋದ ತಿಂಗಳು ಕೇಳಿದ್ದೆನಲ್ಲ, ಈಸ್ಟ್ ಹ್ಯಾಮ್‌ನಿಂದ ಕಾಲೇಜಿಗೆ ದಿನಾ ಟ್ಯೂಬ್‌ನಲ್ಲಿ (ಇಲ್ಲಿನ ಮೆಟ್ರೋ ರೈಲು) ಹೋಗಿಬಂದು ದುಡ್ಡು ನೀರಿನ ಹಾಗೆ ಹರೀತಿದೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

18+ ಸ್ಟೂಡೆಂಟ್ ಆಯಿಸ್ಟರ್ ಕಾರ್ಡ್ (ಬಸ್ಸು, ಟ್ಯೂಬ್‌ಗೆ ಬಳಸೋ ವಿದ್ಯಾರ್ಥಿಗಳ ಕಾರ್ಡ್) ಮಾಡಿಸಿದೆ. ಪ್ರತಿ ಸಲ ಕಾರ್ಡ್ ಮುಟ್ಟಿಸಿದಾಗಲೂ ರಿಯಾಯಿತಿ ಅಂದ್ಕೊಂಡಿದ್ದೆ, ಹಾಗಲ್ಲ. ಶೇ. 30 ಕಡಿತ ಇರೋದು ವಾರದ, ತಿಂಗಳ ಪಾಸುಗಳಿಗೆ. ಸರಿ, ಟ್ಯೂಬ್ ಬಿಟ್ಟು ತಿಂಗಳ ಬಸ್ ಪಾಸ್ ತಗೊಂಡೆ. ಒಂದು ಗಂಟೆ ಮೇಲೇ ಹಿಡಿಯುತ್ತೆ ನಿಜ. ಆದರೆ ಡಬಲ್ ಡೆಕ್ಕರ್‌ನಲ್ಲಿ ಮೇಲೆ, ಮುಂದಿನ ಸೀಟು ಸಿಕ್ಕರೆ ಅರ್ಧ ನೋಟ್ಸ್ ಅಲ್ಲೇ ಓದಿ ಮುಗಿಯುತ್ತೆ (ನಿದ್ದೆ ಹೊಡೆಯೋದೇ ಜಾಸ್ತಿ).

ಇನ್ನೊಂದು, ರಾಗಿ ಹಿಟ್ಟು ಮನೆ ಹತ್ತಿರದ ಅಂಗಡೀಲೇ ಸಿಕ್ತು. ಅಮ್ಮ ಕಟ್ಟಿಕೊಟ್ಟ ಐದು ಕೆ.ಜಿ. ಸುಮ್ಮನೆ ಹೊತ್ತು ತಂದೆ. ಅವರಿಗೆ ಇನ್ನೂ ಹೇಳಿಲ್ಲ.