ಪದಚರ್ಚೆ: ‘ಅನಿವಾಸಿ ಪರವಾನಗಿ’ ಅಂದರೆ ನಿಮಗೆ ಏನು ಹೊಳೆಯುತ್ತದೆ?

ಎಲ್ಲರಿಗೂ ನಮಸ್ಕಾರ.

ನ್ಯೂಜೆರ್ಸಿಯಲ್ಲಿ ನಮ್ಮ ಜೊತೆ ಇರುವ ಭಾವಮೈದುನ ಈಚೆಗೆ ವಿಮೆ ಮಾರುವ ಲೈಸೆನ್ಸ್ ಪಡೆದ. ಇಲ್ಲಿನ ಕನ್ನಡಿಗರಿಗೆ ಉಪಯೋಗವಾಗಲಿ, ಎರಡು ಪುಟ ಬರೆದುಕೊಡಿ ಭಾವ ಅಂದ. ಎರಡು ಸಂಜೆಯ ಕೆಲಸ ಅಂದುಕೊಂಡೆ. ಮೂರು ವಾರವಾಯಿತು, ನಾಲ್ಕು ಪದಗಳಲ್ಲಿ ಸಿಕ್ಕಿಕೊಂಡು ಕೂತಿದ್ದೇನೆ.

ವಿಷಯ ಇಷ್ಟು. ಅಮೆರಿಕದಲ್ಲಿ ವಿಮೆಯ ಲಗಾಮು ಇರುವುದು ರಾಜ್ಯಗಳ ಕೈಯಲ್ಲಿ. ಇದು ಕೇಂದ್ರದ ಕಾನೂನಿಗೂ ಒಳಪಡುತ್ತದೆ ಎಂದು 1944ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಮರುವರ್ಷವೇ ಮೆಕ್ಯಾರನ್-ಫರ್ಗೂಸನ್ ಕಾಯ್ದೆ ಬಂದು ಅದನ್ನು ಮತ್ತೆ ರಾಜ್ಯಗಳಿಗೇ ಬಿಟ್ಟಿತು. ಹಾಗಾಗಿ ಒಂದೊಂದು ರಾಜ್ಯದಲ್ಲಿ ಒಂದೊಂದು ಲೈಸೆನ್ಸ್. ನ್ಯೂಜೆರ್ಸಿಯಲ್ಲಿ ಜೀವ ವಿಮೆಗೆ 20 ಗಂಟೆ ಪಾಠ ಕೇಳಬೇಕು, ಪರೀಕ್ಷೆಯಲ್ಲಿ ನೂರಕ್ಕೆ 70 ತೆಗೆಯಬೇಕು, ಬೆರಳಚ್ಚು ಕೊಡಬೇಕು. ಟೆಕ್ಸಾಸಿನಲ್ಲಾದರೆ ಪಾಠ ಕಡ್ಡಾಯವಲ್ಲ, ನೇರವಾಗಿ ಪರೀಕ್ಷೆಗೆ ಹೋಗಬಹುದು.

ಇದನ್ನೆಲ್ಲ ‘ರಾಜ್ಯ ಮಟ್ಟದ ಪರವಾನಗಿ’ ಅಂತ ಬರೆದೆ. ಓದಿದರೆ ತಾಲೂಕು ಮಟ್ಟ, ಜಿಲ್ಲಾ ಮಟ್ಟ ಗೆದ್ದು ಬಂದ ಕಬಡ್ಡಿ ತಂಡದ ಸುದ್ದಿ ಇದ್ದ ಹಾಗಿತ್ತು. ‘ಮಟ್ಟ’ ತೆಗೆದು ‘ರಾಜ್ಯದ ಪರವಾನಗಿ’ ಮಾಡಿದೆ.

ಆಮೇಲೆ ‘ಪರವಾನಗಿ’ಯ ಮೇಲೇ ಅನುಮಾನ ಬಂತು. ಅಂಗಡಿಗೆ ಉದ್ದಿಮೆ ಪರವಾನಗಿ, ಕೋವಿಗೆ ಕೋವಿ ಪರವಾನಗಿ ಅನ್ನುತ್ತೇವೆ. ಆದರೆ ಅಬಕಾರಿ ಇಲಾಖೆಯ ಕನ್ನಡದಲ್ಲಿ ಅದೇ ‘ಸನ್ನದು’, ಬಾರ್ ಮಾಲೀಕ ‘ಸನ್ನದುದಾರ’. ವಕೀಲರ ನಡುವೆಯೂ ‘ಸನದು’ ಉಳಿದಿದೆ. ನನ್ನ ಕಿವಿಗೆ ಪರವಾನಗಿ ಅಂದರೆ ಕೆಲಸಕ್ಕೆ ಸಿಕ್ಕ ಒಪ್ಪಿಗೆ, ಸನ್ನದು ಅಂದರೆ ಮನುಷ್ಯನಿಗೆ ಬರೆದುಕೊಟ್ಟ ಅಧಿಕಾರ. ವಿಮೆಯ ಲೈಸೆನ್ಸ್ ಎರಡನೆಯ ಬಗೆಯದು, ಅಲ್ವಾ? ಖುಷಿಯಿಂದ ‘ವಿಮಾ ಸನ್ನದು’ ಅಂತ ಬರೆದು ಊರಿನ ದೊಡ್ಡಪ್ಪನಿಗೆ ಕಳಿಸಿದೆ. ಅವರು ಅಬಕಾರಿಯಲ್ಲಿದ್ದು ನಿವೃತ್ತರಾದವರು. ಫೋನ್ ಮಾಡಿ ಮೊದಲು ಕೇಳಿದ್ದೇ, “ಹುಡುಗ ಬ್ರಾಂದಿ ಅಂಗಡಿ ಇಡ್ತಾನೇನೋ?” ಸನ್ನದು ಅಲ್ಲಿಗೆ ಹೋಯಿತು.

ಹಾಗೆಯೇ ಒಂದು ಮಾತು. ‘ವಿಮೆ’ಯನ್ನು ಸಂಸ್ಕೃತ ಅಂದುಕೊಂಡವರನ್ನು ನೋಡಿದ್ದೇನೆ. ಅದು ಫಾರಸಿಯ ‘ಬೀಮಾ’. ಹಿಂದಿಯಲ್ಲಿ ಬೀಮಾ ಆಗಿಯೇ ಇದೆ, ಮರಾಠಿಯಲ್ಲಿ ವಿಮಾ, ನಮ್ಮಲ್ಲಿ ವಿಮೆ. ಪರವಾನಗಿಯೂ ಫಾರಸಿ ಮೂಲದ್ದೇ. ಹಾಗಾಗಿ ಇಬ್ಬರೂ ಒಂದೇ ಊರಿನವರು, ಜೊತೆಯಲ್ಲಿರಲಿ.

ನ್ಯೂಜೆರ್ಸಿಯ ಕಾನೂನು ಏಜೆಂಟನನ್ನೂ ಬ್ರೋಕರನನ್ನೂ ಸೇರಿಸಿ ‘ಪ್ರೊಡ್ಯೂಸರ್’ ಅನ್ನುತ್ತದೆ. ‘ವಿಮಾ ಉತ್ಪಾದಕ’ ಅಂದರೆ ಕಾರ್ಖಾನೆ ಕಾಣುತ್ತದೆ, ‘ವಿಮಾ ನಿರ್ಮಾಪಕ’ ಅಂದರೆ ಗಾಂಧಿನಗರ. ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಸುಮ್ನೆ ‘ಏಜೆಂಟ್’ ಅಂತ ಬರೆದೆ.

ನಿಜವಾದ ತೊಡಕು ಮುಂದಿದೆ. ವಾಸವಿರುವ ರಾಜ್ಯದ ಲೈಸೆನ್ಸ್ ಒಂದು ಕೈಯಲ್ಲಿದ್ದರೆ, ಪಕ್ಕದ ಪೆನ್ಸಿಲ್ವೇನಿಯಾಕ್ಕೂ ಅರ್ಜಿ ಹಾಕಿ ಪಡೆಯಬಹುದು. ಸಾಮಾನ್ಯವಾಗಿ ಮತ್ತೆ ಪರೀಕ್ಷೆ ಬರೆಯಬೇಕಿಲ್ಲ. ಈ ಎರಡನೆಯದಕ್ಕೆ ‘ನಾನ್-ರೆಸಿಡೆಂಟ್ ಲೈಸೆನ್ಸ್’ ಅನ್ನುತ್ತಾರೆ. ನೇರವಾಗಿ ಕನ್ನಡಕ್ಕೆ ತಂದರೆ ‘ಅನಿವಾಸಿ ಪರವಾನಗಿ’. ‘ಅನಿವಾಸಿ ಕನ್ನಡಿಗರು’ ಅನ್ನುವುದು ರೂಢಿಯಾಗಿ ಹೋಗಿರುವಾಗ, ಇದನ್ನು ಓದಿದವರು ಭಾರತದಿಂದ ಬಂದವರಿಗೇ ಬೇರೆ ಲೈಸೆನ್ಸ್ ಇದೆ ಅಂದುಕೊಳ್ಳದೆ ಇರುತ್ತಾರೆಯೇ? ನನ್ನ ಹೆಂಡತಿಯೇ ಅಂದುಕೊಂಡಳು, ಅದೂ ತಮ್ಮ ಅದರ ಬಗ್ಗೆ ದಿನಾ ಮಾತಾಡುತ್ತಿರುವಾಗ. ಮೊದಲ ಲೈಸೆನ್ಸ್ ಕೊಟ್ಟ ರಾಜ್ಯಕ್ಕೆ ‘ತವರು ರಾಜ್ಯ’ ಅಂದರೂ ಅದೇ ಪಾಡು. ನಮಗೆ ತವರು ರಾಜ್ಯ ಅಂದರೆ ಕರ್ನಾಟಕ, ನ್ಯೂಜೆರ್ಸಿಯ ಪರ್ತ್ ಆಂಬೋಯ್ ಊರಲ್ಲ. ಸದ್ಯಕ್ಕೆ ‘ವಾಸದ ರಾಜ್ಯ’, ‘ಹೊರರಾಜ್ಯದ ಪರವಾನಗಿ’ ಅಂತ ಇಟ್ಟಿದ್ದೇನೆ. ಇದಕ್ಕಿಂತ ಚೆಂದದ್ದು ಇದ್ದರೆ ಹೇಳಿ.

ಕೊನೆಯದು ‘ಅಪಾಯಿಂಟ್‌ಮೆಂಟ್’. ರಾಜ್ಯ ಲೈಸೆನ್ಸ್ ಕೊಟ್ಟ ಮೇಲೂ, ಯಾವ ಕಂಪನಿಯ ಪಾಲಿಸಿ ಮಾರುತ್ತಾನೋ ಆ ಕಂಪನಿ ಇವನು ನಮ್ಮವನು ಎಂದು ಗುರುತಿಸಬೇಕು. ‘ನೇಮಕ’ ಅಂತ ಬರೆದರೆ ಸಂಬಳದ ಕೆಲಸ ಅನ್ನಿಸುತ್ತದೆ, ಆದರೆ ಇಲ್ಲಿ ಇರುವುದು ಕಮಿಷನ್ ಮಾತ್ರ. ತಮಾಷೆ ಅಂದರೆ, ಭಾರತದಲ್ಲಿ 2015ರ ತಿದ್ದುಪಡಿಯಾದ ಮೇಲೆ ಏಜೆಂಟರಿಗೆ ವಿಮಾ ನಿಯಂತ್ರಣ ಪ್ರಾಧಿಕಾರದ ಲೈಸೆನ್ಸ್ ಇಲ್ಲ, ಕಂಪನಿಯೇ ನೇಮಿಸುತ್ತದೆ. ಅಲ್ಲಿ ಒಂದೇ ಹೆಜ್ಜೆ, ಇಲ್ಲಿ ಎರಡು. ಊರಲ್ಲಿ ಓದುವವರು ಎರಡನ್ನೂ ಕಲಸಿಬಿಡುತ್ತಾರೆ.

ನಿನ್ನೆ ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. ನಮ್ಮ ಕಡೆ ಜನ ‘ಎಲ್‌ಐಸಿ ಏಜೆನ್ಸಿ ತಗೊಂಡ’ ಅನ್ನುತ್ತಾರಲ್ಲ! ಕಂಪನಿ ಕೊಡುತ್ತದೆ, ಇವನು ತಗೊಳ್ಳುತ್ತಾನೆ, ಸಂಬಳದ ವಾಸನೆಯೇ ಇಲ್ಲ. ‘ರಾಜ್ಯದಿಂದ ಪರವಾನಗಿ, ಕಂಪನಿಯಿಂದ ಏಜೆನ್ಸಿ’ ಅಂದರೆ ಎರಡು ಹೆಜ್ಜೆಯೂ ಬೇರೆಬೇರೆಯಾಗಿ ಕಾಣುತ್ತವೆ. ಒಂದೇ ಅಳುಕು, ಇಲ್ಲಿ ‘ಏಜೆನ್ಸಿ’ ಅಂದರೆ ಬೋರ್ಡು ಹಾಕಿಕೊಂಡ ಆಫೀಸೂ ಹೌದು.

ನಾನು ಹಾಸನದ ಕಡೆಯವನು. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರ ಬಾಯಲ್ಲಿ ಏನಿದೆ? ಏಜೆನ್ಸಿ ತಗೊಳ್ತಾರೋ, ಹಿಡೀತಾರೋ, ಮಾಡ್ತಾರೋ?